ಒಣದ್ರಾಕ್ಷಿ ಪೆಟ್ಟಿಗೆಗೆ ಐದಕ್ಷರದ ಗುರುತು

ವಿಜಯಪುರದ ಶೀತಲಗೃಹವೊಂದರಲ್ಲಿ ಲೆಕ್ಕದ ತಂತ್ರಾಂಶ ನೋಡಿಕೊಳ್ಳುವುದು ನನ್ನ ಕೆಲಸ. ಹಳೆಯ ವ್ಯವಸ್ಥೆ ತಾರೀಖು, ಕೋಣೆ, ರೈತರ ಖಾತೆ ಎಲ್ಲವನ್ನೂ ಪೋಣಿಸಿ ಒಣದ್ರಾಕ್ಷಿ ಪೆಟ್ಟಿಗೆಯ ಮೇಲೆ ಹನ್ನೆರಡು ಅಂಕಿ ಮುದ್ರಿಸುತ್ತಿತ್ತು. ಮೈ ಕೊರೆಯುವ ಚಳಿಯಲ್ಲಿ ನಿಂತು ಅದನ್ನು ಫೋನಿನಲ್ಲಿ ಓದುವಾಗ ಒಂದಂಕಿ ಜಾರಿದರೆ ಸಾಕು, ಒಬ್ಬರ ಮಾಲು ಇನ್ನೊಬ್ಬರ ಲಾರಿ ಏರುತ್ತಿತ್ತು.

ವಿವರಗಳನ್ನೆಲ್ಲ ಕಂಪ್ಯೂಟರಿನಲ್ಲೇ ಉಳಿಸಿ, ಪೆಟ್ಟಿಗೆಗೆ ಅಮೆರಿಕದ ಪ್ರೋಗ್ರಾಮರ್ ಡಗ್ಲಸ್ ಕ್ರಾಕ್‌ಫರ್ಡ್ ರೂಪಿಸಿದ ಬೇಸ್ 32 ಗುರುತು ಹಚ್ಚಿದೆ. ಅದರಲ್ಲಿ ಬಳಸುವುದು ಹತ್ತು ಅಂಕಿ, ಇಪ್ಪತ್ತೆರಡು ಇಂಗ್ಲಿಷ್ ಅಕ್ಷರ, ಒಟ್ಟು 32. ಐ, ಎಲ್, ಓ, ಯು ಇಲ್ಲ. ಯಾರಾದರೂ ಓ ಒತ್ತಿದರೆ ಸೊನ್ನೆ, ಐ ಅಥವಾ ಎಲ್ ಒತ್ತಿದರೆ ಒಂದು ಎಂದೇ ಹಿಡಿಯುತ್ತದೆ. ಒಂದೊಂದು ಸ್ಥಾನದಲ್ಲೂ 32ರಲ್ಲಿ ಯಾವುದಾದರೂ ಬರಬಹುದಾದ್ದರಿಂದ ನಾಲ್ಕರಲ್ಲಿ 10,48,576 ಗುರುತುಗಳು.

ಐದನೆಯದು ತಾಳೆ ನೋಡುವ ಅಕ್ಷರ: ಮೊದಲ ನಾಲ್ಕು ಅಕ್ಷರ ಸೂಚಿಸುವ ಸಂಖ್ಯೆಯನ್ನು 37ರಿಂದ ಭಾಗಿಸಿದಾಗ ಉಳಿಯುವ ಶೇಷ. ಫೋನಿನಲ್ಲಿ ‘ಬಿ’ ಹೋಗಿ ‘ಡಿ’ ಆದರೂ, ನಾಲ್ಕರಲ್ಲಿ ಅಕ್ಕಪಕ್ಕದವು ಅದಲುಬದಲಾದರೂ ತಾಳೆಯಾಗುವುದಿಲ್ಲ, ಪರದೆ ಕೆಂಪಾಗುತ್ತದೆ. ಶೇಷ 32ರಿಂದ 35 ಬಂದರೆ ಕ್ರಾಕ್‌ಫರ್ಡ್ ನಕ್ಷತ್ರ, ಡಾಲರ್‌ನಂಥ ಚಿಹ್ನೆಗಳನ್ನು, 36 ಬಂದರೆ ಬಿಟ್ಟಿದ್ದ ಯು ಅಕ್ಷರವನ್ನು ಕೊಡುತ್ತಾರೆ. ಆ ಚಿಹ್ನೆಗಳನ್ನು ನಮ್ಮ ಹಮಾಲರು ಏನೆಂದು ಕೂಗಬೇಕು? ಶೇಷ 32ರಿಂದ 36 ಬರುವ ಸಂಖ್ಯೆಗಳನ್ನೇ ಕೈಬಿಟ್ಟೆ. ಆದರೂ ಒಂಬತ್ತು ಲಕ್ಷಕ್ಕೂ ಹೆಚ್ಚು ಮಿಕ್ಕಿವೆ, ನಮ್ಮ ಗೋದಾಮಿಗೆ ಧಾರಾಳ.