ದಾವಣಗೆರೆಯಲ್ಲೇ ಕೂತು ಓದಿ ಸಿಸಿಐಇ ಲ್ಯಾಬ್ ಪಾಸಾದೆ

ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿ ಆರು ತಿಂಗಳು ಕ್ಲಾಸಿಗೆ ಸೇರದೆ ಸಿಸಿಐಇ ಎಂಟರ್‌ಪ್ರೈಸ್ (ಸಿಸ್ಕೋ ಕಂಪನಿಯ ಮೇಲ್ಮಟ್ಟದ ನೆಟ್‌ವರ್ಕಿಂಗ್ ಪರೀಕ್ಷೆ) ಆಗೋ ಮಾತೇ ಇಲ್ಲ ಅಂತ ಹೇಳಿದವರೇ ಜಾಸ್ತಿ. ನಾನು ಕೆಲಸ ಬಿಡಲಿಲ್ಲ, ಓದೋಕೆ ವಿದ್ಯಾನಗರದ ಮನೆಯ ಹಿಂದಿನ ಕೋಣೆ ಬಿಟ್ಟು ಎಲ್ಲೂ ಹೋಗಲಿಲ್ಲ. 2023ರಲ್ಲಿ, ಎರಡನೇ ಸಲಕ್ಕೆ ಪಾಸಾದೆ.

ಮೊದಲು ಪಾಸಾಗಬೇಕಾದ ಥಿಯರಿ ಪರೀಕ್ಷೆ ಎನ್ಕೋರ್ ಬಗ್ಗೆ ಹೇಳೋದು ಏನೂ ಇಲ್ಲ. ಓದಿದರೆ ಆಗುತ್ತೆ, ಆಗ 400 ಡಾಲರ್ ಫೀ. ಕಷ್ಟ ಇರೋದು ಎಂಟು ಗಂಟೆಯ ಲ್ಯಾಬ್‌ನಲ್ಲಿ, ಅಂದರೆ ಪ್ರಾಯೋಗಿಕ ಪರೀಕ್ಷೆಯಲ್ಲಿ. ಮೊದಲ ಮೂರು ಗಂಟೆ ಡಿಸೈನ್, ಆಮೇಲೆ ಐದು ಗಂಟೆ ಕಾನ್ಫಿಗರೇಶನ್ (ಸಾಧನಗಳಿಗೆ ಸೆಟ್ಟಿಂಗ್ ಕೊಡೋದು) ಮತ್ತು ಟ್ರಬಲ್‌ಶೂಟಿಂಗ್ (ತಪ್ಪು ಹುಡುಕಿ ಸರಿಮಾಡೋದು).

ಮೊದಲು ಬೆಂಗಳೂರಿನ ಎಸ್‌ಪಿ ರೋಡಿನಿಂದ ಹಳೇ ಡೆಲ್ ಆರ್720 ಸರ್ವರ್ ತಂದೆ. 128 ಜಿಬಿ ರ‍್ಯಾಮ್ ಸೇರಿ ಸುಮಾರು 45,000 ರೂಪಾಯಿ. ರೂಟರ್‌ಗಳನ್ನು ಸರ್ವರಿನ ಒಳಗೇ ಓಡಿಸುವ ಈವ್-ಎನ್‌ಜಿ ಸಾಫ್ಟ್‌ವೇರ್ ಹಾಕಿ, ಒಂದೇ ಸಲಕ್ಕೆ ಮೂವತ್ತು ಸಾಧನದ ದೊಡ್ಡ ಟೋಪಾಲಜಿ (ನೆಟ್‌ವರ್ಕ್ ಜೋಡಣೆ) ಕಟ್ಟಿದೆ. ಅದೇ ತಪ್ಪಾಗಿದ್ದು. ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಕರೆಂಟ್ ಹೋಗಿ ಬಂತು, ಡಿಸ್ಕ್ ಕೆಟ್ಟಿತು. ಕಾನ್ಫಿಗ್ (ಸಾಧನಗಳ ಸೆಟ್ಟಿಂಗ್) ಹೊರಗೆ ತೆಗೆದಿಟ್ಟಿರಲಿಲ್ಲ. ಮೂರು ವಾರದ ಕೆಲಸ ಹೋಯಿತು. ಯುಪಿಎಸ್‌ಗೆ ಇನ್ನೊಂದು 18,000 ಹಾಕಿದೆ.

ಸರ್ವರ್ ಸದ್ದಿಗೆ ಮನೆಯವರಿಗೆ ನಿದ್ದೆ ಇರಲಿಲ್ಲ. ಐಪಿಎಂಐ (ಸರ್ವರಿನ ಹಾರ್ಡ್‌ವೇರ್ ನಿಯಂತ್ರಿಸುವ ವ್ಯವಸ್ಥೆ) ಕಮಾಂಡ್ ಕೊಟ್ಟು ಫ್ಯಾನ್ ಶೇಕಡ 20ಕ್ಕೆ ಇಳಿಸಿದೆ. ಏಪ್ರಿಲ್ ಬಿಸಿಲಿಗೆ ಸಿಪಿಯು 80 ಡಿಗ್ರಿ ದಾಟಿದ ಮೇಲೆ 30ಕ್ಕೆ ಏರಿಸಿ ಬಿಟ್ಟೆ. ಎರಡು ಭಾನುವಾರ ಇದಕ್ಕೇ ಹೋಯಿತು. ಪರೀಕ್ಷೆಗೆ ಇದರಿಂದ ಏನೂ ಉಪಯೋಗ ಇಲ್ಲ, ಆದರೆ ಹಳೇ ಸರ್ವರ್ ಮನೆಯಲ್ಲಿ ಇಟ್ಟುಕೊಂಡವರಿಗೆ ಬೇಕಾಗುತ್ತೆ.

2022ರ ಮೊದಲ ಪ್ರಯತ್ನದಲ್ಲಿ ಫೇಲಾಗಿ ಲ್ಯಾಬ್ ಫೀ 1,600 ಡಾಲರ್ ಹೋಯಿತು. ನಮ್ಮ ದುಡ್ಡಲ್ಲಿ ಹೆಚ್ಚೂಕಮ್ಮಿ 1.3 ಲಕ್ಷ. ಪರೀಕ್ಷೆಯ ಒಳಗಿನ ಪ್ರಶ್ನೆ ಹೇಳುವ ಹಾಗಿಲ್ಲ, ಹೇಳಲ್ಲ ಅಂತ ಸಹಿ ಮಾಡಿದ್ದೀನಿ. ಒಂದೇ ಪ್ರಶ್ನೆಗೆ ಮುಕ್ಕಾಲು ಗಂಟೆ ಕಳೆದೆ ಅಂತ ಮಾತ್ರ ಹೇಳಬಹುದು. ಉತ್ತರ ಗೊತ್ತಿತ್ತು. ತಪ್ಪು ಎಲ್ಲಿದೆ ಅಂತ ಹುಡುಕುವ ವೇಗ ಇರಲಿಲ್ಲ. ಪರೀಕ್ಷೆ ಮುಗಿಸಿ ರಾತ್ರಿ ರೈಲಿನಲ್ಲಿ ವಾಪಸ್ ಬರುವಾಗಲೇ ಇದು ಹೊಳೆಯಿತು.

ಮನೆಗೆ ಬಂದು ದೊಡ್ಡ ಟೋಪಾಲಜಿ ಅಳಿಸಿದೆ. ಎಂಟು ರೂಟರ್ ಮಾತ್ರ ಇಟ್ಟುಕೊಂಡೆ. ಸ್ಟೀಲ್ ಡಬ್ಬಿಯಲ್ಲಿ ಚೀಟಿ ತುಂಬಿದೆ. ಒಂದೊಂದು ಚೀಟಿಗೂ ಒಂದು ನಂಬರ್, ಒಂದೊಂದು ನಂಬರಿಗೂ ನೆಟ್‌ವರ್ಕ್ ಕೆಡಿಸುವ ಒಂದು ಕಾನ್ಫಿಗ್ ಫೈಲ್. ಬಿಕಾಂ ಓದುವ ಭಾಮೈದನಿಗೆ ಫೈಲ್ ಪೇಸ್ಟ್ ಮಾಡೋದು ಮಾತ್ರ ಹೇಳಿಕೊಟ್ಟೆ. ಅವನು ಎರಡು ಚೀಟಿ ಎತ್ತಿ, ನಾನು ಹೊರಗೆ ಕೂತಿದ್ದಾಗ ಪೇಸ್ಟ್ ಮಾಡುತ್ತಿದ್ದ. ತಪ್ಪು ಹುಡುಕಿ ಸರಿಮಾಡೋಕೆ ನನಗೆ ಹನ್ನೆರಡು ನಿಮಿಷ. ಸಮಯ ಮುಗಿದರೆ "ಹೊತ್ತಾತು ಮಾವ, ಕೈ ತಗೀರಿ" ಅನ್ನುತ್ತಿದ್ದ. ಒಂದು ನಿಮಿಷವೂ ಜಾಸ್ತಿ ಕೊಡುತ್ತಿರಲಿಲ್ಲ. ಆಫೀಸಿನ ಗೆಳೆಯರು ಇದನ್ನು ಮಕ್ಕಳಾಟ ಅಂದರು.

ಒಂದು ಚೀಟಿ ಹೇಳುತ್ತೀನಿ. ಆರ್4, ಆರ್5 ಅನ್ನೋ ಎರಡು ರೂಟರಿನಲ್ಲೂ ಇಐಜಿಆರ್‌ಪಿ ಮತ್ತು ಒಎಸ್‌ಪಿಎಫ್ (ರೂಟರ್‌ಗಳು ದಾರಿ ಕಲಿಯುವ ಎರಡು ವಿಧಾನ) ನಡುವೆ ಎರಡೂ ಕಡೆಗೆ ರೀಡಿಸ್ಟ್ರಿಬ್ಯೂಷನ್, ಅಂದರೆ ಒಂದು ಕಲಿತ ದಾರಿಯನ್ನು ಇನ್ನೊಂದಕ್ಕೆ ಹೇಳೋದು. ಇಐಜಿಆರ್‌ಪಿಯ ಎಕ್ಸ್‌ಟರ್ನಲ್ (ಹೊರಗಿಂದ ಬಂದ) ರೂಟ್ ದೂರ 170; ಈ ಸಂಖ್ಯೆ ಕಮ್ಮಿ ಇದ್ದಷ್ಟೂ ರೂಟರ್ ಆ ದಾರಿಯನ್ನು ಹೆಚ್ಚು ನಂಬುತ್ತೆ. ಆರ್4 ಅದನ್ನು ಒಎಸ್‌ಪಿಎಫ್‌ಗೆ ಹಾಕಿದ ಕೂಡಲೇ ಆರ್5ಗೆ ಅದೇ ರೂಟ್ 110ರಲ್ಲಿ ಸಿಗುತ್ತೆ. ಅದು ಒಳ್ಳೆಯದೆಂದು ನಂಬಿ ಆರ್5 ಪ್ಯಾಕೆಟ್ಟನ್ನು ಸುತ್ತು ದಾರಿಗೆ ಹಾಕುತ್ತೆ, ಮತ್ತೆ ಇಐಜಿಆರ್‌ಪಿಗೂ ಹಿಂದಕ್ಕೆ ತಳ್ಳುತ್ತೆ. ಪಿಂಗ್ ಒಮ್ಮೆ ಬರುತ್ತೆ, ಒಮ್ಮೆ ಇಲ್ಲ. ಮೊದಲ ಸಲ 35 ನಿಮಿಷ ತಗೊಂಡೆ. ಆ ರೂಟಿಗೆ ಟ್ಯಾಗ್ (ಗುರುತು) ಹಾಕಿ ರೂಟ್-ಮ್ಯಾಪ್‌ನಲ್ಲಿ (ರೂಟ್ ಸೋಸುವ ನಿಯಮ) ಹಿಂದಕ್ಕೆ ಹೋಗದ ಹಾಗೆ ತಡೆದೆ, ಆದರೂ ಸುತ್ತು ದಾರಿ ಉಳಿಯಿತು. ಒಎಸ್‌ಪಿಎಫ್ ಎಕ್ಸ್‌ಟರ್ನಲ್ ದೂರವನ್ನು 171 ಮಾಡಿದ ಮೇಲೆ ಸರಿಹೋಯಿತು. ಹತ್ತನೇ ಸಲಕ್ಕೆ ನಾಲ್ಕು ನಿಮಿಷ ಸಾಕಾಯಿತು. ಎಂಟಿಯು (ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಹೊಂದದೆ ನೈಬರ್ (ಪಕ್ಕದ ರೂಟರ್) ಎಕ್ಸ್‌ಸ್ಟಾರ್ಟ್ ಅನ್ನೋ ಆರಂಭದ ಹಂತದಲ್ಲೇ ನಿಲ್ಲೋದು, ಡಿಎಂವಿಪಿಎನ್ (ಶಾಖೆಗಳನ್ನು ಜೋಡಿಸುವ ವಿಪಿಎನ್) ಟನೆಲ್ ತನ್ನದೇ ಒಳಗಿಂದ ದಾರಿ ಕಲಿತು ಬೀಳೋದು, ಹೀಗೆ 140 ಚೀಟಿ ಆಯಿತು.

ಎಸ್‌ಡಿ-ಆಕ್ಸೆಸ್ (ಕಚೇರಿಯ ನೆಟ್‌ವರ್ಕನ್ನು ಸಾಫ್ಟ್‌ವೇರಿನಿಂದ ಒಂದೇ ಕಡೆ ನಡೆಸುವ ಸಿಸ್ಕೋ ವ್ಯವಸ್ಥೆ) ನನ್ನ ಮನೆಯ ಸರ್ವರಿನಲ್ಲಿ ಆಗಲಿಲ್ಲ. ಅದಕ್ಕೆ ಗಂಟೆ ಲೆಕ್ಕದಲ್ಲಿ ರ‍್ಯಾಕ್ ಬಾಡಿಗೆಗೆ ತಗೊಂಡೆ, ಸುಮಾರು 30,000 ಹೋಯಿತು. ಡಿಸೈನ್ ಭಾಗದಲ್ಲಿ ಹಿಂದಿನ ಪ್ರಶ್ನೆಗೆ ವಾಪಸ್ ಹೋಗೋಕೆ ಬಿಡಲ್ಲ. ಹಾಗಾಗಿ ಪ್ರಶ್ನೆಯ ಜೊತೆ ಕೊಟ್ಟ ಮೇಲ್‌ಗಳನ್ನು ಓದೋಕೆ ನನ್ನದೇ ಒಂದು ಕ್ರಮ ಮಾಡಿಕೊಂಡೆ. ಆ ಕ್ರಮ ಇಲ್ಲಿ ಬರೆಯಲ್ಲ. ಚೀಟಿಗಳ ಪೂರ್ತಿ ಪಟ್ಟಿಯನ್ನೂ ಕೊಡಲ್ಲ. ನಿಮ್ಮ ತಪ್ಪುಗಳ ಚೀಟಿ ನೀವೇ ಬರೆದರೆ ಮಾತ್ರ ಕೆಲಸಕ್ಕೆ ಬರುತ್ತೆ.

ಎರಡನೇ ಸಲ ಫೀ ಕಟ್ಟಿದಾಗ ಒಟ್ಟು ಖರ್ಚು ನಾಲ್ಕು ಲಕ್ಷದ ಹತ್ತಿರ ಬಂದಿತ್ತು. ಹೆಂಡತಿ ಚಿಟ್ ಫಂಡ್ ಹಣ ಎತ್ತಿ ಕೊಟ್ಟಳು. ಆ ದಿನ ಐದು ಗಂಟೆಯ ಭಾಗದ ಕೆಲಸ ಮುಗಿದಾಗ ಇನ್ನೂ 50 ನಿಮಿಷ ಉಳಿದಿತ್ತು. ಎಲ್ಲವನ್ನೂ ಮತ್ತೊಮ್ಮೆ ನೋಡಿದೆ. ಫಲಿತಾಂಶದ ಮೇಲ್ ಬಂದಾಗ ಮಂಡಿಪೇಟೆಯಲ್ಲಿ ಒಬ್ಬ ಗ್ರಾಹಕರ ಫೈಬರ್ ಸರಿಮಾಡುತ್ತಿದ್ದೆ. ಮೊದಲ ಫೋನು ಭಾಮೈದನಿಗೆ ಹೋಯಿತು.

ಡಬ್ಬಿ ಈಗ ಆಫೀಸಿನ ಹುಡುಗನ ಹತ್ತಿರ ಇದೆ. ನನ್ನ ಚೀಟಿ ತೆಗೆದಿಟ್ಟುಕೊಂಡು ಖಾಲಿ ಡಬ್ಬಿ ಕೊಟ್ಟಿದ್ದೀನಿ. ಅವನು ತನ್ನದು ಇಪ್ಪತ್ತು ಬರೆದಿದ್ದಾನೆ.