ಶೇಂಗಾ ಸಿಪ್ಪೆಯ ಹಾಸಿನ ಮೇಲೆ ಕೋಳಿಮರಿ ಬೆಳೆಸಿದ ನನ್ನ ಅನುಭವ

ಚಳ್ಳಕೆರೆ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಗಿರಿರಾಜ ಮತ್ತು ಸ್ವರ್ಣಧಾರಾ ತಳಿಗಳ ಒಂದು ದಿನದ ಮರಿಗಳನ್ನು ತಂದು, ಐದು ವಾರ ಬೆಳೆಸಿ, ಹಿತ್ತಿಲಲ್ಲಿ ಕೋಳಿ ಸಾಕುವ ಮನೆಗಳಿಗೆ ಮಾರುವ ಕೆಲಸವನ್ನು ಏಳೆಂಟು ವರ್ಷಗಳಿಂದ ಮಾಡುತ್ತಿದ್ದೇನೆ. ಒಂದು ಬ್ಯಾಚಿಗೆ 500 ಮರಿ. ಕಳೆದ ಐದು ಬ್ಯಾಚುಗಳಿಗೆ ಶೇಂಗಾ ಸಿಪ್ಪೆಯ ಹಾಸನ್ನೇ ಬಳಸಿದ್ದೇನೆ. ಒಂದರಲ್ಲಿಯೂ 20ಕ್ಕಿಂತ ಹೆಚ್ಚು ಮರಿ ಸತ್ತಿಲ್ಲ. “ಸಿಪ್ಪೆ ಒಲೆಗೆ ಹಾಕೋದು ಕಣಪ್ಪ, ಮರಿ ಕೆಳಗೆ ಹಾಕೋದಲ್ಲ” ಎಂದು ಅಂದು ಬುದ್ಧಿ ಹೇಳಿದ್ದ ಹಿರಿಯ ಸಾಕಣೆದಾರರೊಬ್ಬರು ಕಳೆದ ತಿಂಗಳು ತಾವೇ ಬಂದು ಹಾಸನ್ನು ಮುಷ್ಟಿಯಲ್ಲಿ ಹಿಡಿದು ನೋಡಿ ಹೋದರು. ನಮ್ಮ ಕಡೆ ಶೇಂಗಾ ಹೊಟ್ಟು ಎಂದರೆ ದನದ ಮೇವು. ನಾನು ಹೇಳುತ್ತಿರುವುದು ಕಾಯಿ ಒಡೆದಾಗ ಉಳಿಯುವ ಸಿಪ್ಪೆಯ ವಿಷಯ.

ಮೊದಲು ಎಲ್ಲರಂತೆ ನಾನೂ ಭತ್ತದ ಹೊಟ್ಟನ್ನೇ ಹಾಕುತ್ತಿದ್ದೆ. ಹೊಟ್ಟು ಬೇಕೆಂದರೆ ದಾವಣಗೆರೆ ಅಥವಾ ಹರಿಹರದ ಕಡೆಯ ಅಕ್ಕಿ ಗಿರಣಿಗಳಿಗೆ ಹೋಗಬೇಕು. ಅಲ್ಲಿ ಮಂಡಕ್ಕಿ ಭಟ್ಟಿಯವರೂ ಇಟ್ಟಿಗೆ ಗೂಡಿನವರೂ ನಮಗಿಂತ ಮುಂಚೆ ನಿಂತಿರುತ್ತಾರೆ. ಚೀಲಕ್ಕೆ ಸುಮಾರು 90 ರೂಪಾಯಿಯಂತೆ 30 ಚೀಲ ಕೊಂಡು, ಟಾಟಾ ಏಸ್ ಬಾಡಿಗೆ 3,300 ಕೊಟ್ಟು ತಂದರೆ ಮೂರು ಬ್ಯಾಚಿಗೆ ಆಗುತ್ತಿತ್ತು. ಅಂದರೆ ಬ್ಯಾಚೊಂದಕ್ಕೆ ಹಾಸಿನ ಖರ್ಚೇ 2,000. ಆದರೂ ನಾನು ಹೊಟ್ಟನ್ನು ಬಿಡುವಂತಾದದ್ದು ಖರ್ಚಿನಿಂದಲ್ಲ, ಮಳೆಯಿಂದ.

2022ರಲ್ಲಿ, 1933ರ ನಂತರ ಮೊದಲ ಬಾರಿಗೆ ಮಾರಿಕಣಿವೆ (ವಾಣಿವಿಲಾಸ ಸಾಗರ) ಜಲಾಶಯ ಕೋಡಿ ಬಿದ್ದ ಆ ಮಳೆಗಾಲದಲ್ಲಿ, ನಮ್ಮಂಥ ಒಣ ಸೀಮೆಯ ಶೆಡ್ಡಿನ ನೆಲವೂ ವಾರಗಟ್ಟಲೆ ತೇವ ಬಿಟ್ಟುಕೊಡಲಿಲ್ಲ. ಭತ್ತದ ಹೊಟ್ಟು ನೀರನ್ನು ಅಷ್ಟಾಗಿ ಹೀರುವುದಿಲ್ಲ, ಕೆಳಕ್ಕೆ ಇಳಿಯಲು ಬಿಡುತ್ತದೆ. ಮೇಲೆ ನೋಡಿದರೆ ಒಣಗಿದಂತಿದ್ದ ಹಾಸನ್ನು ಕೈಯಿಂದ ಸರಿಸಿದಾಗ ಅಡಿಯಲ್ಲಿ ರೊಟ್ಟಿಯಂತೆ ಹಕ್ಕಳೆ ಕಟ್ಟಿತ್ತು. ನಾಲ್ಕನೆಯ ವಾರದಲ್ಲಿ ರಕ್ತಭೇದಿ ಕಾಣಿಸಿಕೊಂಡಿತು. ನೀರಿನಲ್ಲಿ ಔಷಧಿ ಕೊಟ್ಟರೂ 130 ಮರಿ ಹೋದವು. ಮರಿ, ಮೇವು, ಔಷಧಿ ಎಲ್ಲ ಸೇರಿ ನಷ್ಟ 12,000ದ ಆಸುಪಾಸು ಆಗಿರಬೇಕು.

ಆಮೇಲೆ ಕಣ್ಣಿಗೆ ಬಿದ್ದದ್ದು ಶೇಂಗಾ ಸಿಪ್ಪೆ. ಚಳ್ಳಕೆರೆ ಎಣ್ಣೆ ಗಿರಣಿಗಳ ಊರು. ಕಾಯಿ ಒಡೆಯುವ ಕಡೆ ಸಿಪ್ಪೆ ಗುಡ್ಡದಂತೆ ಬಿದ್ದಿರುತ್ತದೆ. ಚೀಲಕ್ಕೆ 35 ರೂಪಾಯಿಯಂತೆ ಒಂದು ಗಿರಣಿಯ ಅಂಗಳದಿಂದ ತಂದು ಹಾಗೆಯೇ ಹರಡಿದೆ. ಆರನೆಯ ದಿನದಿಂದ ಮರಿಗಳು ಕತ್ತು ಚಾಚಿ, ಕೊಕ್ಕು ತೆರೆದು ಉಸಿರಾಡತೊಡಗಿದವು. ಶೀತವಾದರೆ ಗೊರಗೊರ ಸದ್ದು ಬರಬೇಕು. ಇಲ್ಲಿ ಸದ್ದೇ ಇರಲಿಲ್ಲ. ಪಶುವೈದ್ಯರು ಸತ್ತ ಮರಿಯೊಂದನ್ನು ಕೊಯ್ದು ಶ್ವಾಸಕೋಶ ತೋರಿಸಿದರು: ನವಣೆ ಅಕ್ಕಿಯನ್ನು ಎರಚಿದ ಹಾಗೆ ಬಿಳಿ, ಹಳದಿ ಗಂಟುಗಳು. ಆಸ್ಪರ್ಜಿಲಸ್ ಬೂಷ್ಟು, ಹಾಸಿನಿಂದ ಬಂದದ್ದು ಎಂದರು. ಹತ್ತು ದಿನದಲ್ಲಿ 90 ಮರಿ ಸತ್ತವು. ಸಿಪ್ಪೆ ಬೇಡವೆಂದು ಹೇಳಿದ್ದವರೆಲ್ಲರ ಮಾತು ನಿಜವಾಯಿತೆಂದು ಊರು ತೀರ್ಮಾನಿಸಿತು.

ನನಗೆ ಮಾತ್ರ ಸಮಾಧಾನವಾಗಲಿಲ್ಲ. ಉಳಿದ ಚೀಲಗಳನ್ನು ಅಂಗಳದಲ್ಲಿ ಸುರಿದು ಒಂದಿಡೀ ದಿನ ಕೂತು ನೋಡಿದೆ. ಒಣಗಿದ ಸಿಪ್ಪೆಯಲ್ಲಿ ಬೂಷ್ಟು ಕಡಿಮೆ; ಸಿಪ್ಪೆಯೊಳಗೆ ಸಿಕ್ಕಿಕೊಂಡ ಜೊಳ್ಳು ಬೀಜ, ಒಡೆದ ಬೇಳೆ, ಅಂಟಿದ ಮಣ್ಣಿನ ಹೆಂಟೆ, ಇವುಗಳಲ್ಲಿ ಹಸಿರು ಬಣ್ಣ ಹೆಚ್ಚು. ಮರಿಗಳು ಮೊದಲು ಕುಕ್ಕುವುದೂ ಈ ಬೀಜಗಳನ್ನೇ. ಇನ್ನೊಂದು ಸಂಗತಿ ಒಡೆಯುವ ಮಿಷನ್ನಿನ ಹತ್ತಿರ ನಿಂತಾಗ ತಿಳಿಯಿತು. ಬೀಜ ಒಡೆಯದಿರಲೆಂದು ಕಾಯಿಗೆ ಮುಂಚೆಯೇ ನೀರು ಚಿಮುಕಿಸುತ್ತಾರೆ. ಆ ಸಿಪ್ಪೆ ರಾಶಿಯಾಗಿ ಬಿದ್ದರೆ ಒಳಗೆ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ. ನಾನು ತಂದಿದ್ದು ಅಂಥ ರಾಶಿಯಿಂದ, ಅದೂ ಮಳೆ ಬಿದ್ದ ಬಯಲು ರಾಶಿಯಿಂದ. ತಪ್ಪು ಸಿಪ್ಪೆಯದಲ್ಲ, ತಂದ ಜಾಗದ್ದು.

ಈಗ ಬಿತ್ತನೆ ಬೀಜಕ್ಕೆಂದು ಒಣಗಿದ ಕಾಯಿಯನ್ನೇ ಒಡೆಸುವವರಲ್ಲಿ ಮುಂಚಿತವಾಗಿ ಹೇಳಿಟ್ಟು, ಅದೇ ಸುಗ್ಗಿಯ ಸಿಪ್ಪೆಯನ್ನು ಮಿಷನ್ನಿನ ಬಾಯಿಯಿಂದಲೇ ಚೀಲಕ್ಕೆ ತುಂಬಿಸಿಕೊಳ್ಳುತ್ತೇನೆ. ಕಣದಲ್ಲಿ ಮೂರು ದಿನ ಬಿಸಿಲಿಗೆ ಹರಡಿ, ಎರಡು ಹೊತ್ತು ಮಗುಚಿ, ಗಾಳಿಗೆ ತೂರುತ್ತೇನೆ. ನಮ್ಮ ಜಿಲ್ಲೆಯ ಗಾಳಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಬೀಜ, ಮಣ್ಣು ಹತ್ತಿರವೇ ಬೀಳುತ್ತವೆ, ಸಿಪ್ಪೆ ದೂರ ಹೋಗುತ್ತದೆ. ಉಳಿದ ದೂಳನ್ನು ಜರಡಿ ತೆಗೆಯುತ್ತದೆ.

ಇಡೀ ಸಿಪ್ಪೆಯನ್ನು ಮಾತ್ರ ಹಾಕಬಾರದು. ಅರ್ಧ ಸಿಪ್ಪೆ ಮಲಗಿದಾಗ ಪುಟ್ಟ ಬಟ್ಟಲಿನಂತೆ ಇರುತ್ತದೆ. ಹಿಕ್ಕೆಯೂ ಚೆಲ್ಲಿದ ನೀರೂ ಅದರೊಳಗೆ ನಿಂತು ಒಣಗುವುದೇ ಇಲ್ಲ. ಕಣದಲ್ಲಿ ಹರಡಿ ಟ್ರ್ಯಾಕ್ಟರ್ ಗಾಲಿಯನ್ನು ನಾಲ್ಕೈದು ಸಲ ಹಾಯಿಸಿದರೆ ತೊಗರಿಬೇಳೆಯಿಂದ ಹೆಬ್ಬೆರಳ ಉಗುರಿನವರೆಗಿನ ಚೂರುಗಳಾಗುತ್ತವೆ. ಅದಕ್ಕಿಂತ ಸಣ್ಣದಾದರೆ ದೂಳು. ಎರಡು ಪಾಲು ಸಿಪ್ಪೆಗೆ ಒಂದು ಪಾಲು ಭತ್ತದ ಹೊಟ್ಟನ್ನು ಈಗಲೂ ಬೆರೆಸುತ್ತೇನೆ, ಏಕೆಂದರೆ ಬರಿ ಸಿಪ್ಪೆ ಮೂರನೆಯ ವಾರಕ್ಕೆ ಒತ್ತಾಗಿ ಕೂರುತ್ತದೆ. ಇದಕ್ಕೆ ಇನ್ನೊಂದು ಒಣ ಸೊಪ್ಪಿನ ಪುಡಿಯನ್ನೂ ಸೇರಿಸುತ್ತೇನೆ. ಯಾವ ಸೊಪ್ಪು, ಎಷ್ಟು ಎಂಬುದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ, ಇನ್ನೂ ಎರಡು ಮಳೆಗಾಲ ನೋಡಬೇಕಾಗಿದೆ.

ಸುಣ್ಣದ ವಿಷಯದಲ್ಲಿಯೂ ಒಮ್ಮೆ ಎಡವಿದ್ದೇನೆ. ಹಾಸು ನಾರುತ್ತಿದೆಯೆಂದು ಮೂರನೆಯ ವಾರದಲ್ಲಿ ಮರಿಗಳಿರುವಾಗಲೇ ಸುಣ್ಣದ ಪುಡಿ ಉದುರಿಸಿದೆ. ಅಮೋನಿಯಾ ಇಳಿಯುವ ಬದಲು ಒಮ್ಮೆಗೇ ಮೇಲೆದ್ದು, ಮರುದಿನ ಹತ್ತಾರು ಮರಿಗಳು ಕಣ್ಣು ಮುಚ್ಚಿ ಕೂತಿದ್ದವು. ಈಗ ಸುಣ್ಣವೇನಿದ್ದರೂ ಮರಿ ಬರುವ ಮೊದಲು ನೆಲಕ್ಕೆ ಬಳಿಯುವುದಷ್ಟೇ. ವಾಸನೆಯನ್ನು ನಿಂತು ನೋಡಿದರೆ ತಿಳಿಯುವುದಿಲ್ಲ. ಬೆಳಗ್ಗೆ ಪರದೆ ಎತ್ತುವ ಮುನ್ನ ಮಂಡಿಯೂರಿ, ಮೂಗನ್ನು ಮರಿಯ ಎತ್ತರಕ್ಕೆ ತಂದು ಎರಡು ನಿಮಿಷ ಇದ್ದರೆ ಗೊತ್ತಾಗುತ್ತದೆ.

ಎರಡೂವರೆ ಇಂಚು ಹಾಸನ್ನು ಎರಡು ದಿನ ಮೊದಲೇ ಹಾಸಿ, ಹಿಂದಿನ ದಿನವೇ ಮರಿಗೆ ಕಾವು ಕೊಡುವ ಬ್ರೂಡರ್ ಹಚ್ಚುತ್ತೇನೆ. ಗಾಳಿ ಬಿಸಿಯಾಗಿ ಹಾಸು ತಣ್ಣಗಿದ್ದರೆ ಥರ್ಮಾಮೀಟರಿನಲ್ಲಿ 34 ಡಿಗ್ರಿ ಕಂಡರೂ ಮರಿ ಮುದುಡುತ್ತದೆ. ಮರಿ ಇಳಿಸಿದ ಒಂದು ಗಂಟೆಗೆ ಹತ್ತು ಮರಿಗಳನ್ನು ಎತ್ತಿ ಅವುಗಳ ಪಾದವನ್ನು ನನ್ನ ಕೆನ್ನೆಗೆ ತಾಗಿಸಿ ನೋಡುತ್ತೇನೆ. ತಣ್ಣಗಿದ್ದರೆ ಇನ್ನಷ್ಟು ಕಾವು ಬೇಕು. ಮೊದಲ ನಾಲ್ಕು ದಿನ ಸಿಪ್ಪೆಯನ್ನು ಕುಕ್ಕದಂತೆ ಮೇಲೆ ಕಾಗದ ಬೇಕು. ದಿನಪತ್ರಿಕೆ ಜಾರುತ್ತದೆ, ಮರಿಗಳ ಕಾಲು ಅಗಲವಾಗುತ್ತವೆ. ಗೋಣಿಚೀಲ ಹಾಕಿದಾಗ ನೂಲು ಬೆರಳಿಗೆ ಸುತ್ತಿ ಎರಡು ಮರಿ ಕುಂಟಾದವು. ಈಗ ರಟ್ಟಿನ ಡಬ್ಬಿಯನ್ನು ಬಿಡಿಸಿ, ಅದರ ಏರಿಳಿತವಿರುವ ಒಳಪದರ ಮೇಲೆ ಬರುವಂತೆ ಹಾಸುತ್ತೇನೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಹೊಳಲ್ಕೆರೆಯ ಸ್ನೇಹಿತರು ಕೊಟ್ಟ ಅಡಿಕೆ ಸಿಪ್ಪೆ ತೇವವನ್ನು ಚೆನ್ನಾಗಿ ಹೀರಿತು, ಆದರೆ ನಾರು ಹಿಕ್ಕೆಯೊಂದಿಗೆ ಸೇರಿ ಮರಿಗಳ ಕಾಲಿಗೆ ಉಂಡೆ ಕಟ್ಟಿತು; ದಿನಕ್ಕೆ ಅರವತ್ತು ಎಪ್ಪತ್ತು ಮರಿಗಳ ಕಾಲು ತೊಳೆಯುವುದು ಆಗದ ಮಾತು. ಹೊಸದುರ್ಗದ ತೆಂಗಿನ ನಾರಿನ ಪುಡಿ ದೊಡ್ಡ ಕೋಳಿಗೆ ಬಹಳ ಒಳ್ಳೆಯದು, ಮರಿಗೆ ದೂಳು ಹೆಚ್ಚು. ಮರದ ಹೊಟ್ಟನ್ನು ಮರಿಗಳು ಮೇವೆಂದು ತಿಂದವು. ಮೆಕ್ಕೆಜೋಳದ ಬೆಂಡನ್ನು ಪುಡಿ ಮಾಡಿಸಿ ಒಂದು ಮೂಲೆಯಲ್ಲಿ 50 ಮರಿಗೆ ಹಾಕಿದ್ದೇನೆ, ಬೇಸಿಗೆಯಲ್ಲಿ ಮೆತ್ತಗೆ ಚೆನ್ನಾಗಿದೆ.

ದಿನನಿತ್ಯದ ಕೆಲಸದಲ್ಲಿ ರಿಯಾಯಿತಿಯಿಲ್ಲ. ನೀರಿನ ಡಬ್ಬಿಯನ್ನು ಮರಿಯ ಬೆನ್ನಿನ ಎತ್ತರಕ್ಕೆ ಇಟ್ಟಿಗೆ ಇಟ್ಟು ಏರಿಸುತ್ತಿರಬೇಕು. ಸುತ್ತ ಒದ್ದೆಯಾದ ಹಾಸನ್ನು ಅಂದೇ ತೆಗೆದು ಹೊಸದು ತುಂಬಬೇಕು. ಹತ್ತು ಗಂಟೆಯ ಹೊತ್ತಿಗೆ ಪರದೆ ಎತ್ತಿ, ಗಾಳಿ ಆಡುವಾಗ ಕುಂಟೆಯಿಂದ ಮಗುಚುತ್ತೇನೆ. ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಹಾಸು ಉಂಡೆಯಾಗಿ ನಿಂತರೆ ತೇವ ಹೆಚ್ಚು. ಕೈಗೆ ಏನೂ ಅಂಟದೆ ಪುಡಿಪುಡಿಯಾದರೆ ದೂಳೇಳುತ್ತದೆ. ಅಂಟಿದಂತಾಗಿ ಬಿರಿದುಕೊಂಡರೆ ಸರಿ.

ಈಗ ಬ್ಯಾಚಿಗೆ ಸಿಪ್ಪೆ ಏಳು ಚೀಲ, ಹೊಟ್ಟು ಮೂರು ಚೀಲ, ತೂರುವ ಕೂಲಿ ಒಂದಾಳಿನದು, ಟ್ರ್ಯಾಕ್ಟರ್ ಡೀಸೆಲ್, ಎಲ್ಲ ಸೇರಿ 1,200 ದಾಟುವುದಿಲ್ಲ. ಐದು ವಾರದ ನಂತರ ತೆಗೆದ ಹಾಸು ಹದಿನೈದು ಚೀಲ ಗೊಬ್ಬರವಾಗುತ್ತದೆ. ನಲವತ್ತು ದಿನ ಗುಂಡಿಯಲ್ಲಿ ಕೊಳೆಸಿ ಕೊಟ್ಟರೆ ಹಿರಿಯೂರು ಕಡೆಯ ದಾಳಿಂಬೆ ತೋಟದವರು ಚೀಲಕ್ಕೆ 110 ಕೊಟ್ಟು ಒಯ್ಯುತ್ತಾರೆ. ಹಸಿಯಾಗಿಯೇ ಕೊಡಿ ಎಂದು ಕೇಳುವವರಿದ್ದಾರೆ, ಬೇರು ಸುಡುತ್ತದೆಂದು ಕೊಡುವುದಿಲ್ಲ. ಆ ಹಿರಿಯ ಸಾಕಣೆದಾರರು ಮುಂದಿನ ಸುಗ್ಗಿಗೆ ತಮಗೂ ಇಪ್ಪತ್ತು ಚೀಲ ಸಿಪ್ಪೆ ಹೇಳಿಡಲು ತಿಳಿಸಿದ್ದಾರೆ. ಒಣ ಕಾಯಿ ಒಡೆಸುವವರ ವಿಳಾಸವನ್ನು ಅವರಿಗೆ ಕೊಟ್ಟಿದ್ದೇನೆ.