ಟ್ಯೂನ್ ಕಳಿಸುವ ಮುಂಚೆ ಮಾತು ತರಿಸಿಕೊಳ್ಳಿ: ಲಾಗೋಸ್ ಗಾಯಕಿಯ ಜತೆ ಒಂದು ಸಿನಿಮಾ ಹಾಡು

ನಮ್ಮ ಸಿನಿಮಾಗಳಲ್ಲಿ ಟ್ಯೂನ್ ಮೊದಲು, ಸಾಹಿತ್ಯ ಆಮೇಲೆ. ತನನ ಹಾಕಿ ಹಾಡಿ ಕಳಿಸಿದರೆ ಬರೆಯುವವರು ಮಾತು ಕೂರಿಸುತ್ತಾರೆ. ನೈಜೀರಿಯಾದ ಲಾಗೋಸ್‌ನ ಗಾಯಕಿಯೊಬ್ಬರ ಜತೆ ಹಾಡು ಮಾಡುವಾಗ, ಅಲ್ಲಿನ ಯೊರುಬಾ ಭಾಷೆಯಲ್ಲಿ ಈ ಅಭ್ಯಾಸ ಕೈಕೊಟ್ಟಿತು. ಆ ಭಾಷೆಯಲ್ಲಿ ಮೇಲು, ನಡು, ಕೆಳಗು ಎಂದು ಮೂರು ಸ್ವರಮಟ್ಟ. ಮಟ್ಟ ತಪ್ಪಿದರೆ ಅರ್ಥವೇ ಬೇರೆ. ‘ಒಕೊ’ ನಡು-ನಡು ಆದರೆ ಗಂಡ, ನಡು-ಮೇಲು ಆದರೆ ಗುದ್ದಲಿ, ನಡು-ಕೆಳಗು ಆದರೆ ವಾಹನ, ಎರಡೂ ಕೆಳಗಾದರೆ ಈಟಿ. ನಮ್ಮ ಟ್ಯೂನ್ ಅಲ್ಲಿ ಏರುತ್ತಿತ್ತು; ಗಂಡ ಗುದ್ದಲಿಯಾಗಿದ್ದ!

ಹಾಗಾಗಿ ಕ್ರಮ ತಿರುಗಿಸಿದೆವು. ಲಗೂನ್, ಅಂದರೆ ಕಡಲ ಹಿನ್ನೀರಿನ ದಡದ ಮನೆಗಳನ್ನು ಕೆಡವುವ ದೃಶ್ಯವನ್ನು ಮೊದಲು ಗಾಯಕಿಗೆ ಕಳಿಸಿದೆವು. ಅವರು ಬರೆದ ಸಾಲುಗಳನ್ನು ಹಾಡದೆ, ಮಾತಾಡಿದಂತೆ ಫೋನಿನಲ್ಲಿ ರೆಕಾರ್ಡ್ ಮಾಡಿಸಿ, ಪ್ರತಿ ಅಕ್ಷರದ ಮೇಲೆ ಏರು, ಇಳಿ, ಸಮ ಎಂದು ಗುರುತು ಹಾಕಿ, ಆಮೇಲೆ ಸ್ವರ ಕೂರಿಸಿದೆವು. ಸ್ವರಾಂತರ ಎಷ್ಟೇ ಇರಲಿ, ದಿಕ್ಕು ತಪ್ಪಬಾರದು. ಗಮಕವೇ ದೊಡ್ಡ ಅಪಾಯ: ಜಾರು ಒಂದೇ ಅಕ್ಷರದಲ್ಲಿ ಎರಡು ಮಟ್ಟ ದಾಟಿಬಿಡುತ್ತದೆ. ಸಾಲಿನ ಕೊನೆಯ ದೀರ್ಘ ಸ್ವರದಲ್ಲಿ ಮಾತ್ರ ಅದನ್ನು ಉಳಿಸಿಕೊಂಡೆವು. ಪಲ್ಲವಿಯನ್ನು ಅವರೇ ಪಿಜಿನ್‌ನಲ್ಲಿ, ಅಂದರೆ ಅಲ್ಲಿನ ಬೆರಕೆ ಇಂಗ್ಲಿಷ್‌ನಲ್ಲಿ ಬರೆದರು, ಅಲ್ಲಿ ಸ್ವರಮಟ್ಟದ ಕಟ್ಟು ಇಷ್ಟಿಲ್ಲ, ಕೈ ಸಡಿಲ.

ಮುಂದಿನ ತಕರಾರು ಉದ್ದದ್ದು. ಹಾಡಿನ ಶೈಲಿ ಅಫ್ರೋಬೀಟ್, ನಿಧಾನಕ್ಕೆ ಕಾವೇರುವ ನೈಜೀರಿಯಾದ ಸಂಗೀತ. ಅದನ್ನು ರೂಪಿಸಿದ ಫೆಲಾ ಕುಟಿಯ ಎಷ್ಟೋ ಹಾಡು 10 ನಿಮಿಷ ದಾಟುತ್ತವೆ, ಹಾಡುಗಾರಿಕೆ ಶುರುವಾಗುವುದೇ ಹಲವು ನಿಮಿಷದ ಮೇಲೆ. ನಮ್ಮ ದೃಶ್ಯವೋ 64 ಸೆಕೆಂಡ್. ಟೆಂಪೊ ನಿಮಿಷಕ್ಕೆ 112.5 ಬೀಟ್ ಇಟ್ಟರೆ 120 ಬೀಟ್, ಅಂದರೆ 4ರ ಎಣಿಕೆಯಲ್ಲಿ 30 ಬಾರ್, ಸರಿಯಾಗಿ ಕೂರುತ್ತದೆ: 6 ಬಾರ್ ಬರೀ ವಾದ್ಯ, 16 ಬಾರ್ ಹಾಡು, ಸಂಭಾಷಣೆ ಇರುವ ಕೊನೆಯ 8 ಬಾರ್‌ಗೆ ಬೇಸ್, ಶೆಕೆರೆ (ಮಣಿ ಹೆಣೆದ ಸೋರೆ ಬುರುಡೆ), ಗಂಗನ್ (ಮಾತಾಡುವ ಚರ್ಮವಾದ್ಯ) ಅಷ್ಟೇ.

ಲಾಗೋಸ್‌ನಿಂದ ತರಿಸಿಕೊಳ್ಳುವ ಆಡಿಯೊ ಫೈಲುಗಳು 48 ಕಿಲೋಹರ್ಟ್ಸ್, 24 ಬಿಟ್ ವೇವ್. 44.1ರಲ್ಲಿ ಬಂದ ಒಂದು ಟ್ರ್ಯಾಕ್ ಕನ್ವರ್ಟ್ ಆಗದೆ 48ರ ಸೆಷನ್‌ಗೆ ಸೇರಿತು. 64 ಸೆಕೆಂಡ್ 58.8 ಆಯಿತು, ಶ್ರುತಿ ಹಾರ್ಮೋನಿಯಂ ಲೆಕ್ಕದಲ್ಲಿ ಒಂದೂವರೆ ಮನೆ ಏರಿತು. ಅಲ್ಲಿ ರೆಕಾರ್ಡಿಂಗ್ ಹೊತ್ತಿಗೆ ಓಡುವ ಜನರೇಟರ್ ಗುಂಯ್‌ಗುಡುವುದು 50 ಹರ್ಟ್ಸ್‌ನಲ್ಲಿ ಮಾತ್ರವಲ್ಲ, 100, 150ರಲ್ಲೂ. 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸುವ ಲೋ ಕಟ್‌ಗೆ ಈ ಎರಡು ಸಿಗುವುದಿಲ್ಲ. ಟೇಕ್ ಹೊತ್ತಿಗೆ ಜನರೇಟರ್ ಆರಿಸಿ, ಲ್ಯಾಪ್‌ಟಾಪು, ಇಂಟರ್‌ಫೇಸು ಬ್ಯಾಟರಿಯಲ್ಲಿ ಓಡಬೇಕು.

ಒಪ್ಪಂದದಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ತಿಂದಿದ್ದು ದುಡ್ಡಲ್ಲ. ಹಾಡು ಜಾಹೀರಾತಿಗಾಗಲಿ ರಾಜಕೀಯ ಪ್ರಚಾರಕ್ಕಾಗಲಿ ಹೋಗಕೂಡದು, ಹಾಡಿನ ಕೆಳಗಿನ ದೃಶ್ಯ ಬದಲಾದರೆ ಮತ್ತೆ ತೋರಿಸಿ ಒಪ್ಪಿಗೆ ಪಡೆಯಬೇಕು ಎಂಬ ಎರಡು ಷರತ್ತು. ಟ್ರೇಲರ್‌ಗೂ ಇವು ಅನ್ವಯಿಸುತ್ತವೆ ಎಂದು ಬಿಡಿಸಿ ಬರೆಸಿ, ಇಲ್ಲದಿದ್ದರೆ ಮನೆ ಕಳೆದುಕೊಂಡವರ ಹಾಡು ಚೇಸ್ ಸೀನ್‌ನ ಮೇಲೆ ಕೂತಿರುತ್ತದೆ. ಸಾಹಿತ್ಯ, ರಾಗಸಂಯೋಜನೆಯ ಪಾಲಿನ ಹಾಳೆಗೆ ರೆಕಾರ್ಡಿಂಗ್ ದಿನವೇ ಸಹಿ. ಧ್ವನಿಮುದ್ರಣದ ಹಕ್ಕು ಬೇರೆ ಕಾಗದ. ನಮ್ಮ ಪಾಲು ಐಪಿಆರ್‌ಎಸ್ ಎಂಬ ನಮ್ಮ ರಾಯಲ್ಟಿ ಸೊಸೈಟಿಯಲ್ಲಿ, ಗಾಯಕಿಯದು ಅವರ ಸೊಸೈಟಿಯಲ್ಲಿ; ಸಿನಿಮಾದಲ್ಲಿ ಬಳಸಿದ ಸಂಗೀತದ ಪಟ್ಟಿಯಾದ ಕ್ಯೂ ಶೀಟಿನಲ್ಲಿ ಎರಡೂ ಇರಲಿ.

ಗಂಗನ್ ಅನ್ನು ಬೇರೆ ಸ್ಟೆಮ್‌ನಲ್ಲೇ, ಅಂದರೆ ಪ್ರತ್ಯೇಕ ಫೈಲಿನಲ್ಲೇ ತರಿಸಿಕೊಳ್ಳಿ. ಕಂಕುಳಲ್ಲಿಟ್ಟು ಹಗ್ಗ ಅದುಮಿದಂತೆ ಅದು ಮಾತಿನ ಏರಿಳಿತವನ್ನೇ ನುಡಿಯುತ್ತದೆ, ಆದ್ದರಿಂದ ಸಂಭಾಷಣೆಯ ಜತೆ ಜಗಳಕ್ಕೆ ನಿಲ್ಲುತ್ತದೆ. ಆ 8 ಬಾರ್‌ಗಳಲ್ಲಿ ವಾಲ್ಯೂಮ್ ಇಳಿಸಿ ನೋಡಿದೆವು, ಸಾಲಲಿಲ್ಲ. ಕೊನೆಗೆ ಡೈಲಾಗ್ ನಿಂತ ಜಾಗಗಳಲ್ಲಿ ಮಾತ್ರ ಉಳಿಸಿದೆವು. ಕತ್ತರಿಸಿದ ತುಣುಕುಗಳನ್ನು ವಾದಕರಿಗೆ ಕೇಳಿಸಿಯೇ ಅಂತಿಮ ಮಾಡಿದ್ದು, ಅರ್ಧಕ್ಕೆ ಕತ್ತರಿಸಿದ ನುಡಿ ಬೇರೇನನ್ನೋ ಹೇಳಬಾರದಲ್ಲ.